ಲೇಖನ ತೂಬಿನಿಂದಲೇ ಶುರುವಾಗಲಿ

ನಮಸ್ಕಾರ. ಜನರ ಒಪ್ಪಂದದಿಂದಲೇ ಆಳ್ವಿಕೆ ಹುಟ್ಟಿತು ಎಂಬ ವಿಚಾರದ ಮೇಲೆ ನೀವು ನಮ್ಮ ಪತ್ರಿಕೆಗೆ ಕಳಿಸಿದ ‘ಸರ್ಕಾರವೇ ಇಲ್ಲದಿದ್ದರೆ?’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ಹಾಗೆ ಅಚ್ಚು ಮಾಡಲು ಆಗುವುದಿಲ್ಲ. ಆದರೆ ಕೈಬಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಮೊದಲ ಮೂರು ಪುಟ ಪರೀಕ್ಷೆಯ ನೋಟ್ಸಿನ ಹಾಗಿವೆ, ತಪ್ಪುಗಳೂ ಇವೆ. ರಾಜನೂ ಜನರೂ ಒಪ್ಪಂದ ಮಾಡಿಕೊಂಡರೆಂದು ಇಂಗ್ಲೆಂಡಿನ ತತ್ವಜ್ಞಾನಿ ಹಾಬ್ಸ್ ಹೇಳಿದ ಎಂದಿದ್ದೀರಿ. ಇಲ್ಲ. ಅವನ 1651ರ ಪುಸ್ತಕ ‘ಲೆವಿಯಾಥನ್’ನಲ್ಲಿ ಜನ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳುತ್ತಾರೆ. ದೊರೆ ಅದರಲ್ಲಿ ಸೇರಿಯೇ ಇಲ್ಲ, ಆದ್ದರಿಂದ ಅವನು ಕರಾರು ಮುರಿದ ಎಂದು ಯಾರೂ ದೂರುವಂತಿಲ್ಲ. ಈ ಎಳೆ ಬಿಟ್ಟರೆ ಹಾಬ್ಸ್‌ನ ವಾದವೇ ಉಳಿಯುವುದಿಲ್ಲ. ಎರಡು ವರ್ಷ ಹಿಂದಷ್ಟೇ, 1649ರಲ್ಲಿ, ಇಂಗ್ಲೆಂಡಿನಲ್ಲಿ ದೊರೆಯ ತಲೆ ಕಡಿದಿದ್ದರು ಎಂಬುದನ್ನೂ ಸೇರಿಸಿ. ‘ಎಲ್ಲರ ಮೇಲೆ ಎಲ್ಲರ ಯುದ್ಧ’ ಎಂಬ ಮಾತೂ ಹಾಬ್ಸ್‌ನದೇ, ಅವನ ನಂತರದ ಇಂಗ್ಲಿಷ್ ಚಿಂತಕ ಲಾಕ್‌ನದಲ್ಲ. ಲಾಕ್‌ನ ನಿಸರ್ಗ ಸ್ಥಿತಿಯಲ್ಲಿ, ಅಂದರೆ ಸರ್ಕಾರ ಹುಟ್ಟುವ ಮೊದಲಿನ ಬದುಕಿನಲ್ಲಿ, ನ್ಯಾಯಧರ್ಮ ಇದೆ. ಇಲ್ಲದಿರುವುದು ಮೂರು: ಎಲ್ಲರಿಗೂ ಗೊತ್ತಿರುವ ಕಟ್ಟಳೆ, ಯಾರ ಕಡೆಗೂ ವಾಲದ ನ್ಯಾಯಗಾರ, ತೀರ್ಪನ್ನು ಜಾರಿ ಮಾಡುವ ಬಲ.

ಏಳನೇ ಪುಟಕ್ಕೆ ಬನ್ನಿ. ಮಾಲೂರು ಕಡೆಯ ಕೆರೆ, ಅರ್ಧವೇ ತುಂಬಿದ ವರ್ಷ. ತೂಬಿನ ಹತ್ತಿರದ ಗದ್ದೆಗಳಿಗೆ ಮಾತ್ರ ನೀರು ಎಂದು ಊರವರು ತೀರ್ಮಾನಿಸುತ್ತಾರೆ. ಕೆರೆಯ ನೀರು ಹಂಚುವ ನೀರುಗಂಟಿ ತೂಬು ಎತ್ತಿ ಒಂದೊಂದೇ ತಾಕಿಗೆ ನೀರು ಹಾಯಿಸುತ್ತಾನೆ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲು ಅಳೆದು ಕೊಡುತ್ತಾರೆ. ನಿಮ್ಮ ಲೇಖನ ಇದೇ. ಲಾಕ್ ಹೇಳಿದ ಮೂರನ್ನೂ ಈ ತೂಬಿನ ಹತ್ತಿರ ಹುಡುಕಿ. ಕಟ್ಟಳೆ ಸಿಗುತ್ತದೆ, ನಡುವಿನವನೂ ಸಿಗುತ್ತಾನೆ. ರಾತ್ರಿ ಯಾರಾದರೂ ಬದು ಕಡಿದು ನೀರು ತಿರುಗಿಸಿಕೊಂಡರೆ? ದಂಡ ಎಷ್ಟು, ವಸೂಲಿ ಮಾಡುವವರು ಯಾರು, ಕೊಡದಿದ್ದರೆ ಏನು? ನೀವು ಬರೆದೇ ಇಲ್ಲ.

‘ಸರ್ಕಾರದ ಗಾಳಿಯೂ ಸೋಕದ ವ್ಯವಸ್ಥೆ’ ಎಂಬ ಸಾಲು ತೆಗೆಯಿರಿ. ನೀರುಗಂಟಿಕೆಗೆ ಇನಾಂ ಜಮೀನು, ಅಂದರೆ ಸೇವೆಗೆ ಪ್ರತಿಯಾಗಿ ಆಳುವವರು ಬಿಟ್ಟುಕೊಟ್ಟ ಜಮೀನು, ಇರುತ್ತಿತ್ತು. ಇಂಥ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ್ದೂ ಸರ್ಕಾರದ 1961ರ ಕಾಯ್ದೆಯೇ. ಇನ್ನೊಂದು ಮಾತು, ಇದು ನಮಗೆ ತುಂಬ ಮುಖ್ಯ. ಆ ಕೆಲಸ ಮಾಡಿದವರು ಹೆಚ್ಚಾಗಿ ದಲಿತ ಕುಟುಂಬದವರು. ತೀರ್ಮಾನವಾಗುವಾಗ ಅರಳಿಕಟ್ಟೆಯ ಮೇಲೆ ಅವರಿಗೆ ಕೂರಲು ಜಾಗ ಇತ್ತೇ? ಇಲ್ಲದಿದ್ದರೆ ಅವರು ಒಪ್ಪಿದರು ಎನ್ನುವುದು ಹೇಗೆ? ನಿದ್ದೆಯಲ್ಲಿದ್ದವನನ್ನು ಹಡಗಿಗೆ ಹೊತ್ತು ಹಾಕಿ, ಸಮುದ್ರಕ್ಕೆ ಹಾರದೆ ಉಳಿದಿದ್ದಾನೆ, ಹಾಗಾಗಿ ಒಪ್ಪಿದ್ದಾನೆ ಎನ್ನುವುದು ಒಪ್ಪಿಗೆಯೇ ಎಂದು ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ 1748ರಲ್ಲೇ ಆಕ್ಷೇಪ ಎತ್ತಿದ್ದ. ಅವನಿಗೆ ಇಲ್ಲೊಂದು ಪ್ಯಾರಾ ಕೊಡಿ.

ಆಳ್ವಿಕೆ ಜನರ ಒಪ್ಪಂದದಿಂದ ಬಂತು ಎಂಬ ವಿಚಾರ ಯುರೋಪಿನಲ್ಲೇ ಹುಟ್ಟಿತು ಎಂದಿರುವುದೂ ಸರಿಯಲ್ಲ. ಬೌದ್ಧರ ಪಾಲಿ ಗ್ರಂಥ ದೀಘನಿಕಾಯದ ಅಗ್ಗಞ್ಞ ಸುತ್ತದಲ್ಲಿ ಜನ ಒಬ್ಬನನ್ನು ಆರಿಸಿ, ಭತ್ತದಲ್ಲಿ ಪಾಲು ಕೊಡುತ್ತೇವೆ ಎನ್ನುತ್ತಾರೆ. ಅವನೇ ಮಹಾಸಮ್ಮತ, ಎಲ್ಲರೂ ಒಪ್ಪಿದ ದೊರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮತ್ಸ್ಯನ್ಯಾಯಕ್ಕೆ, ದೊಡ್ಡ ಮೀನು ಚಿಕ್ಕದನ್ನು ನುಂಗುವಂಥ ಸ್ಥಿತಿಗೆ, ಬೇಸತ್ತ ಜನ ಮನುವನ್ನು ದೊರೆ ಮಾಡಿ ಅವನಿಗೆ ಧಾನ್ಯದ ಆರರಲ್ಲೊಂದು ಪಾಲು ಗೊತ್ತು ಮಾಡುತ್ತಾರೆ. ಕಣದಲ್ಲಿ ಅಳೆದ ಪಾಲಿನ ಪಕ್ಕದಲ್ಲೇ ಇವನ್ನು ಇಡಿ.

ಒಪ್ಪಂದದ ಬಗ್ಗೆಯೇ ಬರೆದ ಇನ್ನೊಬ್ಬ ಚಿಂತಕ ರೂಸೋನನ್ನು ಬಿಟ್ಟರೂ ನಷ್ಟವಿಲ್ಲ. 1,200 ಪದ ಸಾಕು. ದಂಡದ ವಿವರ ಸಿಕ್ಕ ಮೇಲೆ ಕಳಿಸಿ, ಅವಸರವಿಲ್ಲ.