ಮಾದರಿ ಮಾಡುವ ಹುಮ್ಮಸ್ಸು ಪಾಠದ ಹೊತ್ತಿಗೆ ಏಕೆ ಇಳಿಯುತ್ತದೆ?

ಪ್ರಶ್ನೆ: ನಾನು 8ನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಕೈಯಾರೆ ಏನಾದರೂ ಮಾಡಿ ಎಂದರೆ ಮಕ್ಕಳು ಮುಗಿಬೀಳುತ್ತಾರೆ. ಮಾದರಿ ಸಿದ್ಧವಾದ ಮೇಲೆ ಅದರ ತತ್ತ್ವ ವಿವರಿಸಲು ಹೊರಟರೆ ಕಿವಿಗೊಡುವವರೇ ಇಲ್ಲ. ಏನು ಮಾಡಲಿ?

ಉತ್ತರ: ಸಿದ್ಧವಾದ ಮೇಲೆ ವಿವರಣೆ ಎನ್ನುತ್ತೀರಲ್ಲ, ತೊಡಕು ಅಲ್ಲಿಯೇ ಇದೆ. ಕೆಲಸ ಮುಗಿಸಿದ ಮಗುವಿಗೆ ತತ್ತ್ವ ಏತಕ್ಕೆ ಬೇಕು? ಅದು ಬೇಕಾಗುವುದು ಕೆಲಸ ಕೆಟ್ಟು ನಿಂತಾಗ.

ಕಾಗದದ ಸೇತುವೆಯನ್ನೇ ನೋಡಿ. 20 ಸೆಂಟಿಮೀಟರ್ ಅಂತರದಲ್ಲಿ ಪುಸ್ತಕಗಳನ್ನು ಪೇರಿಸಿ, ಅವುಗಳ ನಡುವೆ ಎ4 ಹಾಳೆಯೊಂದನ್ನು ಹಾಸಿ, ಮೇಲೆ ನಾಣ್ಯ ಇಡಲು ಹೇಳಿ. ಹಾಳೆ ಕುಸಿಯುತ್ತದೆ. ಅದೇ ಹಾಳೆಯನ್ನು ಹೇಗಾದರೂ ಬದಲಿಸಿ ಹೆಚ್ಚು ನಾಣ್ಯ ಹೊರಿಸಿ ಎನ್ನಿ. ಪ್ರತಿ ಪ್ರಯತ್ನಕ್ಕೂ ಮೊದಲು ಎಷ್ಟು ನಾಣ್ಯ ತಡೆದೀತು, ಏಕೆ ಎಂದು ಬರೆಸಿ. ಇದೊಂದನ್ನು ದಯವಿಟ್ಟು ಬಿಡಬೇಡಿ. ಊಹೆ ಬರೆದಿಟ್ಟ ಮಗು ಫಲಿತಾಂಶಕ್ಕಾಗಿ ಉಸಿರು ಬಿಗಿಹಿಡಿದು ಕಾಯುತ್ತದೆ.

ಸಾಮಾನ್ಯವಾಗಿ ಯಾರಾದರೊಬ್ಬರು ಹಾಳೆಯನ್ನು ಬೀಸಣಿಗೆಯಂತೆ ನೆರಿಗೆ ಮಡಿಸುತ್ತಾರೆ. ಸೇತುವೆ ನಿಲ್ಲುತ್ತದೆ! ಹಾಳೆ ಅದೇ, ತೂಕವೂ ಅದೇ. ಬಲ ಎಲ್ಲಿಂದ ಬಂತು? ಈ ಪ್ರಶ್ನೆ ಮಕ್ಕಳ ಬಾಯಿಂದಲೇ ಬರುವ ತನಕ ಕಾಯಿರಿ. ಭಾರಕ್ಕೆ ಬಾಗುವ ತೊಲೆಯ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆತಕ್ಕೆ ಸಿಗುತ್ತದೆ. ನೆರಿಗೆ ಹಾಳೆಗೆ ಎತ್ತರ ಕೊಟ್ಟು ಈ ಎರಡನ್ನೂ ದೂರ ಸರಿಸುತ್ತದೆ. ದೂರ ಹೆಚ್ಚಿದಷ್ಟೂ ಬಾಗಿಸುವುದು ಕಷ್ಟ. ಪಟ್ಟಿಯೊಂದರ ದಪ್ಪ 2 ಪಟ್ಟಾದರೆ ಬಾಗುವುದಕ್ಕೆ ಅದು ಒಡ್ಡುವ ಪ್ರತಿರೋಧ 8 ಪಟ್ಟಾಗುತ್ತದೆ. ಪ್ಲಾಸ್ಟಿಕ್ ಸ್ಕೇಲನ್ನು ಮಲಗಿಸಿ ಒಮ್ಮೆ, ಅಂಚಿನ ಮೇಲೆ ನಿಲ್ಲಿಸಿ ಒಮ್ಮೆ ಬಾಗಿಸಲಿ. ಬೆರಳುಗಳಿಗೇ ಲೆಕ್ಕ ತಿಳಿಯುತ್ತದೆ. ಚಾವಣಿಯ ತಗಡಿಗೆ ಅಲೆಗಳೇಕೆ ಎಂಬುದನ್ನು ಆಮೇಲೆ ನೀವು ಹೇಳಬೇಕಾಗಿಲ್ಲ.

ವಿದ್ಯುತ್ಕಾಂತಕ್ಕೂ ಇದೇ ದಾರಿ. ಮೊಳೆಗೆ ಹೊದಿಕೆಯಿರುವ ತಂತಿಯನ್ನು 20 ಸುತ್ತು, ಬಳಿಕ 40 ಸುತ್ತು ಸುತ್ತಿ, ಎಷ್ಟು ಗುಂಡುಸೂಜಿ ಎತ್ತಿತು ಎಂದು ಎಣಿಸಲಿ. ತಂತಿಯ ಉದ್ದ, ಬ್ಯಾಟರಿ, ಮೊಳೆ ಬದಲಾಗಬಾರದು. ತಂತಿ ಬಿಸಿಯಾಗುವುದರಿಂದ ಕೆಲವೇ ಸೆಕೆಂಡು ಜೋಡಿಸಿ ತೆಗೆಯಬೇಕು.

ಹಂತಹಂತದ ಸೂಚನೆಯಿರುವ ಕಿಟ್‌ಗಳನ್ನು ನಾನು ಮೆಚ್ಚುವುದಿಲ್ಲ. ಅವುಗಳಲ್ಲಿ ತಪ್ಪುವುದಕ್ಕೆ ಜಾಗವೇ ಇಲ್ಲ. ಗುಂಪಿನಲ್ಲಿ ಒಬ್ಬರೇ ಕತ್ತರಿ ಹಿಡಿದು ಉಳಿದವರು ನೋಡುತ್ತ ಕೂರದಂತೆ ಕೆಲಸವನ್ನೂ ಸರದಿಯಲ್ಲಿ ಹಂಚಿ.

ಅವಧಿ ಸಾಲದು ಎನಿಸಿದರೆ ಮೊದಲ ಸೇತುವೆಯ ಕೆಲಸವನ್ನು 10 ನಿಮಿಷಕ್ಕೇ ಮುಗಿಸಿ, ಉಳಿದ ಹೊತ್ತನ್ನೆಲ್ಲ ಎರಡನೆಯದಕ್ಕೆ ಕೊಡಿ.