ಕಂಬ, ಕೇಬಲ್, ಅರ್ಥಿಂಗ್: ಎಫ್‌ಎಂ ಕೇಂದ್ರ ಕಟ್ಟುವವರ ಪ್ರಶ್ನೆಗಳು

ಸಮುದಾಯ ಬಾನುಲಿ ಕೇಂದ್ರಗಳ ಟ್ರಾನ್ಸ್‌ಮಿಟರ್ ಕುರಿತು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವರು ಕೇಳಿರುವುದು ವ್ಯಾಟ್ ಬಗ್ಗೆ. ನಮ್ಮ ಉತ್ತರಗಳು ಮಾತ್ರ ಮತ್ತೆ ಮತ್ತೆ ಕಂಬದ ಕಡೆಗೆ, ಕೇಬಲ್ಲಿನ ಕಡೆಗೆ, ನೆಲದ ಕಡೆಗೆ ಹೋಗಿವೆ. ಕೇಳುಗರಿಗೆ ದನಿ ಮುಟ್ಟುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲೇ.

ಪ್ರಶ್ನೆ: ನಮ್ಮ ಯುವಕ ಸಂಘದ ಹುಡುಗರು ಆನ್‌ಲೈನ್‌ನಲ್ಲಿ 15 ವ್ಯಾಟ್‌ನ ಎಫ್‌ಎಂ ಕಿಟ್ ನೋಡಿಟ್ಟಿದ್ದಾರೆ. ಊರ ಜಾತ್ರೆಯ ಮೂರು ದಿನ ಮಾತ್ರ ಹಾಕಿದರೂ ತೊಂದರೆಯೇ? (ಶ್ರೀನಿವಾಸಪುರ)

ತೊಂದರೆಯೇ. ಮೂರು ದಿನವಿರಲಿ, ಮೂರು ಗಂಟೆ ಇರಲಿ, ಪರವಾನಗಿ ಇಲ್ಲದ ಪ್ರಸಾರ ಅಪರಾಧ. ಕಾನೂನಿನ ಮಾತು ಒಂದು ಕಡೆ ಇರಲಿ, ಅಗ್ಗದ ಕಿಟ್‌ಗಳಲ್ಲಿ ಸರಿಯಾದ ಫಿಲ್ಟರ್ ಇರುವುದಿಲ್ಲ. ನೀವು ಇಟ್ಟ ತರಂಗಾಂತರದ ಜೊತೆಗೆ ಬೇಡದ ಕಡೆಯಲ್ಲೂ ಅವು ಉಗುಳುತ್ತವೆ. ಎಫ್‌ಎಂ ಪಟ್ಟಿ ಮುಗಿಯುವ 108 ಮೆಗಾಹರ್ಟ್ಸ್‌ನಿಂದಲೇ ವಿಮಾನಗಳಿಗೆ ದಾರಿ ತೋರಿಸುವ ಸಂಕೇತಗಳು ಶುರುವಾಗುತ್ತವೆ, 118ರಿಂದ ಪೈಲಟರ ಮಾತುಕತೆ. ದೇವನಹಳ್ಳಿಯ ವಿಮಾನ ನಿಲ್ದಾಣ ನಿಮಗೆ ದೂರವೇನಲ್ಲ. ದಯವಿಟ್ಟು ಆ ಕಿಟ್ ಕೊಳ್ಳಬೇಡಿ.

ನಿಜವಾಗಿ ಕೇಂದ್ರ ನಡೆಸುವ ಆಸೆ ಇದ್ದರೆ ಅದಕ್ಕೆ ದಾರಿ ಇದೆ. 2006ರ ಸಮುದಾಯ ಬಾನುಲಿ ನೀತಿಯ ನಂತರ ಶಿಕ್ಷಣ ಸಂಸ್ಥೆಗಳ ಜೊತೆಗೆ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳೂ ಅರ್ಜಿ ಹಾಕಬಹುದು. ಸಂಸ್ಥೆ ನೋಂದಣಿಯಾಗಿ ಕನಿಷ್ಠ 3 ವರ್ಷ ಸಮುದಾಯದ ಕೆಲಸ ಮಾಡಿರಬೇಕು. ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ ಅವಕಾಶವಿಲ್ಲ. ಅರ್ಜಿ ಹೋಗುವುದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ. ಮೊದಲು ಆಶಯ ಪತ್ರ ಬರುತ್ತದೆ. ತರಂಗಾಂತರ ಹಂಚಿಕೆ, ಕಂಬದ ಜಾಗಕ್ಕೆ ಅನುಮತಿ, ಒಪ್ಪಂದ, ಪ್ರಸಾರದ ಪರವಾನಗಿ ಎಲ್ಲವೂ ಅದರ ಬೆನ್ನಿಗೆ. ತರಂಗಾಂತರ ಕೈಗೆ ಬರುವ ಮೊದಲು ಟ್ರಾನ್ಸ್‌ಮಿಟರ್‌ಗಾಗಲಿ ಅಂಟೆನಾಗಾಗಲಿ ಮುಂಗಡ ಕೊಡಬೇಡಿ. ಅಂಟೆನಾದ ಅಳತೆ ತರಂಗಾಂತರವನ್ನೇ ಅವಲಂಬಿಸಿರುತ್ತದೆ.

ಅಲ್ಲಿಯವರೆಗೆ ಏನು ಮಾಡುವುದು ಎಂದರೆ, ನಿಮ್ಮ ಜಿಲ್ಲೆಯಲ್ಲೇ ಮಾದರಿ ಇದೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ'ಯವರು 2006ಕ್ಕಿಂತ ಮೊದಲೇ ಕೇಬಲ್ ಟಿವಿಯ ತಂತಿಯ ಮೂಲಕ ಊರವರದೇ ಕಾರ್ಯಕ್ರಮಗಳನ್ನು ಮನೆಮನೆಗೆ ಮುಟ್ಟಿಸಿದರು. ಕಾರ್ಯಕ್ರಮ ಮಾಡುವುದನ್ನು ಕಲಿಯಲು ಟ್ರಾನ್ಸ್‌ಮಿಟರ್ ಬೇಕಿಲ್ಲ.

ಪ್ರಶ್ನೆ: ನಮ್ಮ ಕೇಂದ್ರಕ್ಕೆ 100 ವ್ಯಾಟ್‌ವರೆಗೆ ಅವಕಾಶವಿದೆ ಎನ್ನುತ್ತಾರೆ. ಸರಬರಾಜುದಾರರು ಮಾತ್ರ 50 ವ್ಯಾಟ್‌ನ ಯಂತ್ರ ಸಾಕು ಎನ್ನುತ್ತಿದ್ದಾರೆ. ನಮಗೆ ಮೋಸವಾಗುತ್ತಿದೆಯೇ? (ಚಿಂತಾಮಣಿ)

ಇಲ್ಲ, ಅವರು ಹೇಳುವುದು ಸರಿ. ನಿಯಮದ 100 ವ್ಯಾಟ್ ಯಂತ್ರದ ಶಕ್ತಿಯಲ್ಲ, ಅಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿ. ಕೇಬಲ್ಲಿನಲ್ಲಿ ಕಳೆದದ್ದನ್ನು ಕಳೆದು, ಅಂಟೆನಾ ಗಳಿಸಿಕೊಟ್ಟದ್ದನ್ನು ಗುಣಿಸಿ ಅದನ್ನು ಲೆಕ್ಕ ಹಾಕುತ್ತಾರೆ.

30 ಮೀಟರ್ ಕಂಬ, ಅದರ ಬುಡದಿಂದ ಕೋಣೆಗೆ 10 ಮೀಟರ್, ಒಟ್ಟು 40 ಮೀಟರ್ ಕೇಬಲ್ ಎಂದುಕೊಳ್ಳಿ. ಅರ್ಧ ಇಂಚಿನ ಫೋಮ್ ಕೇಬಲ್ 100 ಮೀಟರಿಗೆ ಸುಮಾರು 2.2 ಡೆಸಿಬೆಲ್ (ಶಕ್ತಿಯ ಏರಿಳಿತದ ಅಳತೆ) ತಿನ್ನುತ್ತದೆ. ನಿಮ್ಮ 40 ಮೀಟರಿನಲ್ಲಿ 0.9 ಡೆಸಿಬೆಲ್ ಹೋಗಿ 50 ವ್ಯಾಟ್‌ನಲ್ಲಿ 41 ವ್ಯಾಟ್ ಮೇಲೆ ಮುಟ್ಟುತ್ತದೆ. ಒಂದರ ಮೇಲೊಂದು ಕಟ್ಟಿದ, ತಲಾ ಎರಡು ತೋಳಿನ ಅಂಟೆನಾಗಳಾದ ಎರಡು ಡೈಪೋಲ್‌ಗಳು ಅದನ್ನು ಹೆಚ್ಚುಕಮ್ಮಿ ಎರಡರಷ್ಟು ಮಾಡುತ್ತವೆ. ಕನೆಕ್ಟರ್‌ಗಳ ನಷ್ಟ ಕಳೆದರೂ ಸುಮಾರು 80 ವ್ಯಾಟ್ ಆಯಿತು. ಅದೇ ಜಾಗಕ್ಕೆ ದುಡ್ಡು ಉಳಿಸಲು ಆರ್‌ಜಿ-213 ಕೇಬಲ್ ಎಳೆದರೆ 100 ಮೀಟರಿಗೆ 7 ಡೆಸಿಬೆಲ್‌ನಂತೆ ನಷ್ಟವಾಗಿ ಮೇಲೆ ಮುಟ್ಟುವುದು 27 ವ್ಯಾಟ್‌ಗಿಂತ ಕಡಿಮೆ. ಉಳಿದದ್ದು ಕೇಬಲ್ಲನ್ನು ಬೆಚ್ಚಗೆ ಮಾಡುತ್ತದೆ, ಅಷ್ಟೇ. ಬಜೆಟ್ಟಿನಲ್ಲಿ ಎಲ್ಲಿ ಬೇಕಾದರೂ ಕೈ ಬಿಗಿ ಹಿಡಿಯಿರಿ, ಕೇಬಲ್ಲಿನಲ್ಲಿ ಬೇಡ.

ಇನ್ನೊಂದು ಮಾತು. ಅಂಟೆನಾ ನೆಲದಿಂದ 15 ಮೀಟರಿಗಿಂತ ಕೆಳಗಿರಬಾರದು, 30 ಮೀಟರಿಗಿಂತ ಮೇಲಿರಬಾರದು. ಕಂಬದ ಜಾಗವನ್ನು ಅಕ್ಷಾಂಶ ರೇಖಾಂಶ ಸಮೇತ ಅರ್ಜಿಯಲ್ಲಿ ಬರೆದಿರುತ್ತೀರಿ. ಆಮೇಲೆ ಅನುಕೂಲ ನೋಡಿ ಪಕ್ಕದ ಕಟ್ಟಡಕ್ಕೆ ಬದಲಾಯಿಸುವಂತಿಲ್ಲ.

ಪ್ರಶ್ನೆ: ಹೊಸದಾಗಿ ಎರಡು ಅಂಟೆನಾ ಕಟ್ಟಿಸಿದೆವು. ಎಸ್‌ಡಬ್ಲ್ಯುಆರ್ (ಅಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂಬುದರ ಅಳತೆ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) 1.3 ತೋರಿಸುತ್ತದೆ, ಯಂತ್ರವೂ 50 ವ್ಯಾಟ್ ಕೊಡುತ್ತಿದೆ. ಆದರೂ 2 ಕಿಲೋಮೀಟರ್ ದಾಟುವುದರೊಳಗೆ ಸೊರಸೊರ. ಎಲ್ಲಿ ತಪ್ಪಿದೆ? (ಮಧುಗಿರಿ)

ಎಸ್‌ಡಬ್ಲ್ಯುಆರ್ ಚೆನ್ನಾಗಿದ್ದು ದೂರ ಮುಟ್ಟುತ್ತಿಲ್ಲ ಎಂದರೆ ನಮಗೆ ಮೊದಲು ಬರುವ ಅನುಮಾನ ಒಂದೇ: ಎರಡರಲ್ಲಿ ಒಂದು ಅಂಟೆನಾ ತಲೆಕೆಳಗಾಗಿದೆ. ಈ ಡೈಪೋಲ್‌ಗಳ ಎರಡು ತೋಳೂ ನೋಡಲು ಒಂದೇ ಥರ. ಆದರೆ ಕೇಬಲ್ಲಿನ ನಡುತಂತಿ ಸೇರುವುದು ಒಂದು ತೋಳಿಗೆ ಮಾತ್ರ. ಮೇಲಿನ ಅಂಟೆನಾದಲ್ಲಿ ಆ ತೋಳು ಆಕಾಶ ನೋಡುತ್ತಾ ಕೆಳಗಿನದರಲ್ಲಿ ನೆಲ ನೋಡುತ್ತಿದ್ದರೆ, ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತದೆ. ಊರುಗಳಿರುವ ದಿಕ್ಕಿನಲ್ಲಿ ಎರಡೂ ಒಂದನ್ನೊಂದು ಅಳಿಸಿಹಾಕಿ, ಶಕ್ತಿಯೆಲ್ಲ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ಯಂತ್ರಕ್ಕೆ ಇದು ಗೊತ್ತಾಗುವುದೇ ಇಲ್ಲ. ಅದರ ಮಟ್ಟಿಗೆ ಶಕ್ತಿ ಹೊರಗೆ ಹೋಯಿತು, ಹಿಂದೆ ಬರಲಿಲ್ಲ.

ಪರೀಕ್ಷೆ ಹೀಗೆ. ಸುಮಾರು ಒಂದು ಕಿಲೋಮೀಟರ್ ದೂರದ ಬಯಲಿನಲ್ಲಿ ಸಿಗ್ನಲ್ ಮಟ್ಟ ತೋರಿಸುವ ರೇಡಿಯೊ ಇಟ್ಟು ಒಬ್ಬರನ್ನು ಕೂರಿಸಿ. ಯಂತ್ರವನ್ನು 5 ವ್ಯಾಟ್‌ಗೆ ಇಳಿಸಿ ಮೊದಲು ಎರಡೂ ಅಂಟೆನಾ ಜೋಡಿಸಿದಾಗಿನ ಮಟ್ಟ ಬರೆದುಕೊಳ್ಳಿ. ನಂತರ ಯಂತ್ರ ಆರಿಸಿ, ಕಂಬ ಹತ್ತಿ, ಕೆಳಗಿನ ಅಂಟೆನಾ ಬಿಚ್ಚಿ ಆ ಜಾಗಕ್ಕೆ 50 ಓಮ್‌ನ ಡಮ್ಮಿ ಲೋಡ್ (ಶಕ್ತಿಯನ್ನು ಹೊರಗೆ ಬಿಡದೆ ತಾನೇ ನುಂಗುವ ಸಾಧನ) ಹಾಕಿ. ಇಳಿದ ಮೇಲೆ ಮತ್ತೆ ಹಚ್ಚಿ ನೋಡಿ. ಒಂದೇ ಅಂಟೆನಾದಲ್ಲಿ ಸಿಗ್ನಲ್ ಹೆಚ್ಚಾದರೆ ಸಂಶಯವೇ ಇಲ್ಲ, ಅವೆರಡೂ ಜಗಳವಾಡುತ್ತಿವೆ. ಯಾರಾದರೂ ಕಂಬದ ಮೇಲಿರುವಾಗ ಯಂತ್ರದ ಪ್ಲಗ್ ಕಿತ್ತು, ಅದು ಹತ್ತಿದವರ ಜೇಬಿನಲ್ಲೇ ಇರುವಂತಾಗಲಿ. ಸ್ವಿಚ್ ಆರಿಸಿದರೆ ಸಾಲದು.

ಅಂಟೆನಾಗಳು ನೆಟ್ಟಗಿದ್ದರೆ ಮುಂದಿನ ಅನುಮಾನ ಜೋಡಿ ಕೇಬಲ್ಲುಗಳ ಮೇಲೆ. ಶಕ್ತಿಯನ್ನು ಎರಡಕ್ಕೂ ಹಂಚುವ ಸ್ಪ್ಲಿಟರ್‌ನಿಂದ ಎರಡೂ ಅಂಟೆನಾಗೆ ಹೋಗುವ ತುಂಡುಗಳ ಉದ್ದ ಒಂದೇ ಇರಬೇಕು. ಕೆಳಗಿನ ಅಂಟೆನಾ ಹತ್ತಿರವಿದೆ ಎಂದು ಕೆಲಸಗಾರರು ಆ ತುಂಡನ್ನು ಕತ್ತರಿಸಿ ಚಿಕ್ಕದು ಮಾಡಿಬಿಡುತ್ತಾರೆ. 90.4 ಮೆಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿ ಅರ್ಧ ಅಲೆ 1.66 ಮೀಟರ್. ಅಲೆ ನಿಧಾನವಾಗುವ ಆರ್‌ಜಿ-213 ಒಳಗೆ ಅದು 1.1 ಮೀಟರ್. ಅಂದರೆ 1.1 ಮೀಟರ್ ಕತ್ತರಿಸಿದರೆ ಅಂಟೆನಾ ತಲೆಕೆಳಗು ಮಾಡಿದ್ದಕ್ಕೆ ಸಮ. ಹೆಚ್ಚಾದ ಕೇಬಲ್ಲನ್ನು ದೊಡ್ಡ ಸುತ್ತಾಗಿ ಸುತ್ತಿ ಕಂಬಕ್ಕೆ ಕಟ್ಟಿಬಿಡಿ, ಚೆಂದ ನೋಡಬೇಡಿ. ಎರಡು ಅಂಟೆನಾಗಳ ನಡುಬಿಂದುಗಳ ನಡುವೆ 2.7ರಿಂದ 3 ಮೀಟರ್ ಅಂತರವಿರಲಿ. ಕಂಬವೂ ನೆರಳು ಕೊಡುತ್ತದೆ, ಹಾಗಾಗಿ ಅಂಟೆನಾ ಹೆಚ್ಚು ಜನವಸತಿ ಇರುವ ಕಡೆಗೆ ಚಾಚಿರಲಿ.

ಪ್ರಶ್ನೆ: ನಮ್ಮ ಕೇಂದ್ರದಿಂದ 6 ಕಿಲೋಮೀಟರ್ ದೂರದ ಒಂದು ಹಳ್ಳಿ ಬೆಟ್ಟದ ಹಿಂದಿದೆ. ಅಲ್ಲಿ ಒಂದು ಮನೆಯಲ್ಲಿ ಕೇಳುತ್ತದೆ, ಪಕ್ಕದ ಮನೆಯಲ್ಲಿ ಒಡೆದ ದನಿ. ಶಕ್ತಿ ಹೆಚ್ಚಿಸಲು ಅನುಮತಿ ಕೇಳೋಣವೇ? (ಚಿಕ್ಕಬಳ್ಳಾಪುರ)

ನಂದಿ ಬೆಟ್ಟದ ಸಾಲಿನ ಸುತ್ತ ಇದು ಸಹಜ. ಎಫ್‌ಎಂ ಅಲೆ ನೇರ ದೃಷ್ಟಿಯ ಅಲೆ. ಬೆಟ್ಟದ ಬೆನ್ನಿಗೆ ನೆರಳು ಬೀಳುತ್ತದೆ, ಎದುರಿನ ಬೋಳು ಬಂಡೆಗಳಿಗೆ ಬಡಿದು ವಾಪಸು ಬಂದ ಅಲೆ ಮಾತ್ರ ಅಲ್ಲಿಗೆ ಇಣುಕುತ್ತದೆ. ಬೇರೆ ಬೇರೆ ದಾರಿಯಲ್ಲಿ ಬಂದ ಅಲೆಗಳು ಒಂದು ಕಡೆ ಕೂಡುತ್ತವೆ, ಎರಡು ಹೆಜ್ಜೆ ಆಚೆ ಕಳೆಯುತ್ತವೆ. ರೇಡಿಯೊ ಒಂದು ಮೀಟರ್ ಸರಿಸಿದರೆ ದನಿ ಬದಲಾಗುವುದು ಅದಕ್ಕೇ. ಶಕ್ತಿ ಎರಡರಷ್ಟು ಮಾಡಿದರೂ ಹೆಚ್ಚುವುದು 3 ಡೆಸಿಬೆಲ್, ಒಡೆದ ದನಿ ಇನ್ನಷ್ಟು ಜೋರಾಗಿ ಒಡೆಯುತ್ತದೆ.

ಭೂಪ್ರದೇಶದ ಕಾರಣ ತೋರಿಸಿ 250 ವ್ಯಾಟ್‌ವರೆಗೆ ಕೇಳಲು ನಿಯಮದಲ್ಲಿ ದಾರಿಯಿದೆ. ಆದರೆ ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸ ಮಾಡಿ: ಯಂತ್ರವನ್ನು ಸ್ಟೀರಿಯೊದಿಂದ ಮೊನೊಗೆ ಬದಲಾಯಿಸಿ. ಸಿಗ್ನಲ್ ದುರ್ಬಲವಾಗಿರುವ ಕಡೆ ಸ್ಟೀರಿಯೊದ ಸೊರಸೊರ ಮೊನೊಗಿಂತ ಸುಮಾರು 20 ಡೆಸಿಬೆಲ್ ಹೆಚ್ಚು. ಕೃಷಿ ಮಾತುಕತೆ, ಆರೋಗ್ಯ ಸಲಹೆ, ಸೋಬಾನೆ ಪದ ಕೇಳುವವರಿಗೆ ಎಡಬಲದ ಬೇರ್ಪಾಟಿಗಿಂತ ಸ್ಪಷ್ಟ ದನಿ ಮುಖ್ಯ. ಗ್ರಾಮೀಣ ಕೇಂದ್ರಗಳು ಮೊನೊದಲ್ಲೇ ಇರಬೇಕೆಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಮಳೆ ಬಂದ ಮರುದಿನ ಯಂತ್ರ ತಾನಾಗಿಯೇ ಶಕ್ತಿ ಇಳಿಸುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಸರಿಹೋಗುತ್ತದೆ. (ಕೊರಟಗೆರೆ)

ನೀರು ಒಳಗೆ ಹೋಗಿದೆ. ಹೆಚ್ಚಾಗಿ ಕಂಬದ ತುದಿಯ ಎನ್ ಕನೆಕ್ಟರ್‌ನಲ್ಲೇ. ದಿನವೂ ಮುಮ್ಮುಖ ಶಕ್ತಿ, ಹಿಮ್ಮುಖ ಶಕ್ತಿ, ಯಂತ್ರದ ಉಷ್ಣಾಂಶ ಮೂರನ್ನೂ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವಿದ್ದರೆ ಇದು ಮೊದಲೇ ಕಾಣುತ್ತದೆ. 50 ವ್ಯಾಟ್‌ಗೆ 1 ವ್ಯಾಟ್ ಹಿಂದಿರುಗುತ್ತಿದ್ದರೆ ಎಸ್‌ಡಬ್ಲ್ಯುಆರ್ 1.3, ಚಿಂತೆಯಿಲ್ಲ. ಮಳೆಯ ಮರುದಿನ 4 ವ್ಯಾಟ್ ಹಿಂದಿರುಗಿದರೆ ಅದು 1.8 ಆಯಿತು, ಅದೇ ಎಚ್ಚರಿಕೆ ಗಂಟೆ. ಅದನ್ನು ದಾಟಿದಾಗ ಯಂತ್ರ ತನ್ನ ಟ್ರಾನ್ಸಿಸ್ಟರ್ ಉಳಿಸಿಕೊಳ್ಳಲು ಶಕ್ತಿ ಇಳಿಸುತ್ತದೆ. ಆ ರಕ್ಷಣೆಯನ್ನು ತಪ್ಪಿಸಿ ಓಡಿಸಲು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

ಕನೆಕ್ಟರ್ ಬಿಚ್ಚಿ ನೋಡಿ. ಒಳಗೆ ಹಸಿರು ಕಿಲುಬು ಇದ್ದರೆ ಒರೆಸಿ ಮತ್ತೆ ಹಾಕಿದರೆ ಆಗದು, ಹೊಸದನ್ನೇ ಹಾಕಿ. ಕೇಬಲ್ಲಿನ ಹೆಣಿಗೆ ಕಪ್ಪಾಗಿದ್ದರೆ ಫಳಫಳ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಅದರ ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ. ಕೆಳಗಿನಿಂದ ಮೇಲಕ್ಕೆ ಸುತ್ತಿದರೆ ಹೆಂಚು ಹೊದಿಸಿದ ಹಾಗೆ ನೀರು ಹೊರಗೇ ಜಾರುತ್ತದೆ. ಬಿಸಿಲಿಗೆ ರಬ್ಬರ್ ಸೀಳದಂತೆ ಅದರ ಮೇಲೊಂದು ಪಿವಿಸಿ ಟೇಪ್ ಬೇಕು. ಕೇಬಲ್ ಕೋಣೆಯೊಳಗೆ ಬರುವ ಮುನ್ನ ಗೋಡೆಯ ತೂತಿಗಿಂತ ಕೆಳಗೆ ಒಂದು ಬಾಗು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ದೇವರಾಯನದುರ್ಗದ ಕಡೆಯ ಊರುಗಳಲ್ಲಿ ಕೋತಿಗಳ ಕಾಟವೂ ಇರುತ್ತದೆ. ಕೈಗೆಟುಕುವ ಕೇಬಲ್ಲನ್ನು ಜಿಐ ಪೈಪಿನೊಳಗೆ ಹಾಯಿಸಿ.

ಪ್ರಶ್ನೆ: ನಮ್ಮದು ಬಂಡೆಯ ನೆಲ. ಎರಡಡಿ ಅಗೆದರೆ ಕಲ್ಲು. ಅರ್ಥಿಂಗ್ ಹೇಗೆ ಮಾಡಿಸುವುದು? ಸಿಡಿಲಿನ ಭಯವಿದೆ. (ಮುಳಬಾಗಿಲು)

ಭಯ ನ್ಯಾಯವಾದದ್ದೇ. ಏಪ್ರಿಲ್ ಮೇ ತಿಂಗಳ ಸಂಜೆ ಮಳೆಗಳು ಈ ಬಯಲು ಸೀಮೆಯಲ್ಲಿ ಗುಡುಗು ಸಿಡಿಲು ಇಲ್ಲದೆ ಬರುವುದು ಅಪರೂಪ, ಸುತ್ತಲಿಗೆಲ್ಲ ನಿಮ್ಮ ಕಂಬವೇ ಎತ್ತರ.

ಬಂಡೆ ನೆಲದಲ್ಲಿ ಆಳಕ್ಕೆ ಹೋಗಲಾಗದಿದ್ದರೆ ಅಗಲಕ್ಕೆ ಹೋಗಿ. ಕಂಬದ ಬುಡದಿಂದ ಮೂರು ನಾಲ್ಕು ದಿಕ್ಕಿಗೆ ಅರ್ಧ ಮೀಟರ್ ಆಳದ ಕಾಲುವೆ ತೋಡಿ, ಜಿಐ ಪಟ್ಟಿ ಹಾಸಿ, ತೇವ ಹಿಡಿದಿಡುವ ಬೆಂಟೊನೈಟ್ ಮಣ್ಣು ಕಲಸಿ ಮುಚ್ಚಿ. ಉಪ್ಪು ಇದ್ದಿಲಿನ ಹಳೆಯ ಪದ್ಧತಿ ಮೊದಲ ವರ್ಷ ಚೆನ್ನಾಗಿ ಕಾಣುತ್ತದೆ. ಉಪ್ಪು ಮಳೆಗೆ ಕರಗಿ ಹೋಗುತ್ತದೆ, ಇರುವಷ್ಟು ದಿನ ಜಿಐ ಪಟ್ಟಿಯನ್ನೂ ತಿನ್ನುತ್ತದೆ. ಮಣ್ಣು ಸಿಗುವ ಕಡೆ 3 ಮೀಟರಿನ ರಾಡ್ ಇಳಿಸಿ, ಒಂದಕ್ಕೊಂದು 6 ಮೀಟರ್ ಅಂತರ ಬಿಡಿ. ಹತ್ತಿರ ಹತ್ತಿರ ಹೊಡೆದರೆ ಎರಡು ಸೇರಿ ಒಂದರ ಕೆಲಸವನ್ನೇ ಮಾಡುತ್ತವೆ. ಆವರಣದಲ್ಲಿ ಬತ್ತಿಹೋದ ಬೋರ್‌ವೆಲ್ ಇದ್ದು ಅದರ ಕೇಸಿಂಗ್ ಕಬ್ಬಿಣದ್ದಾಗಿದ್ದರೆ ಅದನ್ನೂ ಪಟ್ಟಿಯಿಂದ ಸೇರಿಸಿ. ಕೊನೆಗೆ ಅರ್ಥ್ ಟೆಸ್ಟರ್‌ನಿಂದ ಅಳೆಯಿರಿ. ಅಳತೆ ಬೇಸಿಗೆಯಲ್ಲಿ ಆಗಬೇಕು, ಮಳೆಗಾಲದಲ್ಲಿ ಎಲ್ಲ ನೆಲವೂ ಒಳ್ಳೆಯದೇ.

ಓಮ್ ಕಡಿಮೆ ಬಂತು ಎಂದು ನಿಶ್ಚಿಂತರಾಗಬೇಡಿ. 20,000 ಆಂಪಿಯರ್‌ನ ಸಿಡಿಲು 5 ಓಮ್‌ನ ಅರ್ಥಿಂಗ್‌ನಲ್ಲಿ ಹರಿದರೆ ಆ ಜಾಗ ಒಂದು ಕ್ಷಣ 1 ಲಕ್ಷ ವೋಲ್ಟ್‌ಗೆ ಏರುತ್ತದೆ. ಕಂಬದ ಅರ್ಥಿಂಗ್ ಬೇರೆ, ಸ್ಟುಡಿಯೊದ್ದು ಬೇರೆ ಎಂದು ಬಿಟ್ಟರೆ ಆ ವ್ಯತ್ಯಾಸವೆಲ್ಲ ಟ್ರಾನ್ಸ್‌ಮಿಟರ್ ಮತ್ತು ಮಿಕ್ಸರ್ ಮೂಲಕ ದಾಟುತ್ತದೆ. ಎಲ್ಲ ಅರ್ಥಿಂಗ್ ಗುಂಡಿಗಳನ್ನೂ ನೆಲದಡಿ ಒಂದೇ ಪಟ್ಟಿಗೆ ಬೆಸೆಯಬೇಕು. ಆಗ ಏರುವುದಾದರೆ ಎಲ್ಲವೂ ಒಟ್ಟಿಗೆ ಏರುತ್ತವೆ, ನಡುವೆ ಹರಿಯಲು ಏನೂ ಉಳಿಯುವುದಿಲ್ಲ. ಕೇಬಲ್ಲಿನ ಹೊರ ಕವಚವನ್ನು ಕಂಬದ ತುದಿಯಲ್ಲಿ, ಬುಡದಲ್ಲಿ, ಕೋಣೆಯ ಬಾಗಿಲಲ್ಲಿ ಮೂರೂ ಕಡೆ ಇದಕ್ಕೆ ಸೇರಿಸಿ. ಕೋಣೆಗೆ ಬರುವಲ್ಲಿ ಕೇಬಲ್ಲಿಗೊಂದು ಸಿಡಿಲು ನಿರೋಧಕ, ವಿದ್ಯುತ್ ಬೋರ್ಡಿನಲ್ಲಿ ಇನ್ನೊಂದು ಇರಲಿ.

ಪ್ರಶ್ನೆ: ಪ್ರಸಾರದಲ್ಲಿ ಸದಾ 'ಗುಂಯ್' ಎನ್ನುವ ಸದ್ದು. ಅರ್ಥ್ ಪಿನ್ ಕಿತ್ತರೆ ನಿಲ್ಲುತ್ತದೆ. ಹಾಗೇ ಬಿಡಬಹುದೇ? (ಪಾವಗಡ)

ಬಿಡಬೇಡಿ, ಇವತ್ತೇ ಪಿನ್ ವಾಪಸು ಹಾಕಿ. ಯಂತ್ರದ ಪೆಟ್ಟಿಗೆಗೆ ಕರೆಂಟ್ ಹಾಯ್ದರೆ ಮುಟ್ಟಿದವರ ಜೀವ ಹೋಗುತ್ತದೆ. ಪಿನ್ ಕಿತ್ತಾಗ ಸದ್ದು ನಿಂತಿತು ಎಂದರೆ ಕಾರಣವೂ ಸಿಕ್ಕಿತು: ಮಿಕ್ಸರ್ ಮತ್ತು ಟ್ರಾನ್ಸ್‌ಮಿಟರ್ ಎರಡು ದಾರಿಯಲ್ಲಿ ನೆಲ ಮುಟ್ಟಿ, ಅವುಗಳ ನಡುವಿನ ಆಡಿಯೊ ತಂತಿಯ ಕವಚದಲ್ಲಿ 50 ಹರ್ಟ್ಸ್ ಕರೆಂಟ್ ಸುತ್ತುತ್ತಿದೆ. ಎರಡನ್ನೂ ಒಂದೇ ಪ್ಲಗ್ ಬೋರ್ಡಿನಿಂದ ನಡೆಸಿ. ಆಗಲೂ ನಿಲ್ಲದಿದ್ದರೆ ಆಡಿಯೊ ದಾರಿಯಲ್ಲಿ, ತಂತಿಗಳನ್ನು ನೇರ ಸೇರಿಸದೆ ದನಿಯನ್ನಷ್ಟೇ ದಾಟಿಸುವ 600 ಓಮ್‌ನ 1:1 ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಪ್ರಶ್ನೆ: ನಮ್ಮ ಪ್ರಸಾರದಲ್ಲಿ 'ಸ', 'ಶ' ಅಕ್ಷರಗಳು ಕಿವಿಗೆ ಚುಚ್ಚುತ್ತವೆ. ಮೈಕ್ ಬದಲಾಯಿಸಿ ನೋಡಿದ್ದಾಯಿತು. (ತಿಪಟೂರು)

ಟ್ರಾನ್ಸ್‌ಮಿಟರ್‌ನ ಮೆನುವಿನಲ್ಲಿ ಪ್ರಿ-ಎಂಫಸಿಸ್ (ತಾರ ಸ್ವರಗಳನ್ನು ಎತ್ತಿ ಕಳಿಸುವ ವ್ಯವಸ್ಥೆ) ನೋಡಿ. ನಮ್ಮ ದೇಶದಲ್ಲಿ ಅದು 50 ಮೈಕ್ರೊಸೆಕೆಂಡ್ ಇರಬೇಕು. ಅಮೆರಿಕದ ಮಾರುಕಟ್ಟೆಗೆಂದು 75ಕ್ಕೆ ಇಟ್ಟಿದ್ದರೆ ತಾರ ಸ್ವರಗಳು ಬೇಕಾದ್ದಕ್ಕಿಂತ ಹೆಚ್ಚು ಎದ್ದು ಬರುತ್ತವೆ. ಸರಿಯಾಗಿದ್ದರೆ ಡೀವಿಯೇಶನ್ (ದನಿಗೆ ತಕ್ಕಂತೆ ತರಂಗಾಂತರ ಅತ್ತಿತ್ತ ಸರಿಯುವ ಪ್ರಮಾಣ) ನೋಡಿ: ಅತಿ ಜೋರಾದ ಮಾತಿನಲ್ಲೂ 75 ಕಿಲೋಹರ್ಟ್ಸ್ ದಾಟಬಾರದು. ಮಿಕ್ಸರ್ ಮತ್ತು ಟ್ರಾನ್ಸ್‌ಮಿಟರ್ ನಡುವೆ, ಮಟ್ಟ ಮಿತಿ ದಾಟದಂತೆ ತಡೆಯುವ ಲಿಮಿಟರ್ ಇಲ್ಲದಿದ್ದರೆ ಹಾಕಿಸಿ. ಬೇರೆ ಕೇಂದ್ರಗಳಷ್ಟು ಜೋರು ಬರಲಿ ಎಂದು ಮಟ್ಟ ಏರಿಸುತ್ತಾ ಹೋದರೆ ದನಿ ಒಡೆಯುತ್ತದೆ, ಪಕ್ಕದ ತರಂಗಾಂತರಕ್ಕೂ ನುಗ್ಗುತ್ತದೆ.

ಪ್ರಶ್ನೆ: ಒಂದು 150 ಎಎಚ್ ಬ್ಯಾಟರಿ ಇದ್ದರೆ ಕರೆಂಟ್ ಹೋದಾಗ ಎಷ್ಟು ಹೊತ್ತು ನಡೆಸಬಹುದು? (ಶಿರಾ)

ಟ್ರಾನ್ಸ್‌ಮಿಟರ್ ಪ್ಲಗ್ಗಿನಿಂದ ಎಳೆಯುವುದು 150 ವ್ಯಾಟ್, ಕಂಪ್ಯೂಟರ್ 100, ಮಿಕ್ಸರ್ 30 ಎಂದು ಹಿಡಿದರೆ ಒಟ್ಟು 280 ವ್ಯಾಟ್. 12 ವೋಲ್ಟ್‌ನ ಆ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇದೆ. ಶೇ 70ರಷ್ಟನ್ನೇ ಬಳಸಿ, ಇನ್ವರ್ಟರ್ ನಷ್ಟ ಶೇ 20 ಕಳೆದರೆ ಉಳಿಯುವುದು 1,000. ಮೂರೂವರೆ ಗಂಟೆ ಸಿಗುತ್ತದೆ. ಸೈನ್ ವೇವ್ ಇನ್ವರ್ಟರ್ ಆಗಿರಲಿ. ಯಂತ್ರದ ಫ್ಯಾನ್ ಜಾಲರಿಯ ಧೂಳನ್ನು ಹದಿನೈದು ದಿನಕ್ಕೊಮ್ಮೆ, ಕಲ್ಲು ಕ್ರಷರ್ ಹತ್ತಿರವಿದ್ದರೆ ವಾರಕ್ಕೊಮ್ಮೆ, ಯಂತ್ರ ಆರಿಸಿ ಬ್ರಷ್‌ನಿಂದ ತೆಗೆಯಿರಿ.