ಇಲ್ಲದ ಡಿಸ್ಕನ್ನು ಆಡಿಸುವವರು ಯಾರು?

ಪ್ರಶ್ನೆ: ನಾನು ಕ್ಯೂಎಮು (QEMU) ಎಂಬ ಸಾಫ್ಟ್‌ವೇರ್‌ನಲ್ಲಿ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರ್ ಒಳಗೊಂದು ಕಂಪ್ಯೂಟರ್, ಓಡಿಸುತ್ತೇನೆ. ಅದರೊಳಗಿನ ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲ ಬರೀ ಕೋಡ್ ಅಂತ ಗೊತ್ತು. ಈಗ ಅವನ್ನು ಬೇರೆ ಪ್ರೊಸೆಸ್ (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ) ಮಾಡಿ ಹೊರಗಿಡುತ್ತಾರಂತೆ. ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ಒಡೆಯಬೇಕು? ನಿಧಾನ ಆಗುವುದಿಲ್ವಾ?
– ಒಬ್ಬ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಒಡೆಯಬೇಕು ಅನ್ನುವವರಲ್ಲಿ ನಾನೂ ಒಬ್ಬ. ಕಾರಣ ಒಂದು ಫ್ಲಾಪಿ. 2015ರ ಮೇ ತಿಂಗಳಲ್ಲಿ ವೆನಮ್ ಎಂಬ ದೋಷ ಬಯಲಾಯಿತು. ಕ್ಯೂಎಮುವಿನ ಫ್ಲಾಪಿ ಕಂಟ್ರೋಲರ್ ಕೋಡ್‌ನಲ್ಲಿ ಅದು 2004ರಿಂದಲೂ ಕೂತಿತ್ತು. ಗೆಸ್ಟ್‌ನಲ್ಲಿ (ವರ್ಚುವಲ್ ಮಷೀನ್ ಒಳಗೆ) ರೂಟ್, ಅಂದರೆ ಪೂರ್ಣ ಅಧಿಕಾರದ ಬಳಕೆದಾರ, ಆಗಿದ್ದವರು ಅಳತೆ ಮೀರಿ ಡೇಟಾ ತುರುಕಿದರೆ ಅದನ್ನು ಹಿಡಿದಿಡುವ ಬಫರ್ ಉಕ್ಕಿ ಹರಿದು, ಹೋಸ್ಟ್‌ನಲ್ಲಿರುವ (ಅದನ್ನು ಓಡಿಸುವ ನಿಜವಾದ ಕಂಪ್ಯೂಟರ್‌ನಲ್ಲಿರುವ) ಕ್ಯೂಎಮು ಪ್ರೊಸೆಸ್ಸೇ ಅವರ ಕೈಗೆ ಸಿಗುವ ಅಪಾಯವಿತ್ತು. ಆ ಹೊತ್ತಿಗೆ ಫ್ಲಾಪಿ ಯಾರಿಗೆ ಬೇಕಿತ್ತು? ಆದರೂ ಕೋಡ್ ಅಲ್ಲೇ ಇತ್ತು, ಉಳಿದ ಎಲ್ಲ ಡಿವೈಸ್‌ಗಳ ಜೊತೆ ಒಂದೇ ಮನೆಯಲ್ಲಿ.

ಹೊರಗಿಡುವುದು ಹೀಗೆ. ಗೆಸ್ಟ್ ಡಿವೈಸ್‌ನ ಒಂದು ರಿಜಿಸ್ಟರ್ (ಡಿವೈಸ್‌ಗೆ ಆಜ್ಞೆ ಕೊಡುವ ಜಾಗ) ಮುಟ್ಟಿದರೆ ಲಿನಕ್ಸ್ ಕರ್ನಲ್‌ನ ವರ್ಚುವಲೈಸೇಶನ್ ಭಾಗವಾದ ಕೆವಿಎಂ ಅದನ್ನು ಹಿಡಿದು ಕ್ಯೂಎಮುಗೆ ಒಪ್ಪಿಸುತ್ತದೆ. ಡಿವೈಸನ್ನು ಹೊರಗಿಡುವ ವಿಎಫ್‌ಐಒ-ಯೂಸರ್ ಎಂಬ ಪ್ರೊಟೊಕಾಲ್ ಇದ್ದರೆ ಆ ಓದು-ಬರಹ ಯುನಿಕ್ಸ್ ಸಾಕೆಟ್ (ಪ್ರೊಸೆಸ್‌ಗಳು ಮಾತಾಡುವ ಕೊಳವೆ) ಮೇಲೆ ಮೆಸೇಜ್ ಆಗಿ ಹೊರಗಿನ ಪ್ರೊಸೆಸ್‌ಗೆ ಹೋಗುತ್ತದೆ. ಆ ಪ್ರೊಸೆಸ್‌ಗೆ ತನ್ನ ಡಿಸ್ಕ್ ಫೈಲ್ ಬಿಟ್ಟರೆ ಬೇರೇನೂ ಸಿಗದ ಹಾಗೆ ಲಿನಕ್ಸ್‌ನ ನಿರ್ಬಂಧದ ಸೌಲಭ್ಯಗಳಾದ ಸೆಕ್‌ಕಾಂಪ್‌ನಿಂದ, ನೇಮ್‌ಸ್ಪೇಸ್‌ನಿಂದ ಕಟ್ಟಿಹಾಕಬಹುದು. ಒಳಗೆ ಕಳ್ಳ ನುಗ್ಗಿದರೂ ಸಿಗುವುದು ಒಂದೇ ಕೋಣೆ. ಆದರೆ ಗೆಸ್ಟ್‌ನ ಮೆಮೊರಿ ಸಾಮಾನ್ಯವಾಗಿ ಅವನಿಗೂ ಕಾಣುತ್ತದೆ, ಡಿವೈಸ್ ವೇಗವಾಗಿ ಕೆಲಸ ಮಾಡಲಿ ಅಂತ ಅದನ್ನು ಹಂಚಿಕೊಂಡಿರುತ್ತಾರೆ.

ನಿಧಾನದ ವಿಷಯ. ಪ್ರತಿ ರಿಜಿಸ್ಟರ್‌ಗೂ ಒಂದು ಮೆಸೇಜ್ ಅಂದರೆ ಖಂಡಿತ ನಿಧಾನ. ಆದರೆ ಡಿವೈಸನ್ನು ಹೊರಗಿಡುವ ಇನ್ನೊಂದು ಪ್ರೊಟೊಕಾಲ್ ಆದ ವಿಹೋಸ್ಟ್-ಯೂಸರ್‌ನಲ್ಲಿ ಸಾಕೆಟ್ ಬೇಕಾಗುವುದು ಮುಖ್ಯವಾಗಿ ಶುರುವಿನ ಮಾತುಕತೆಗೆ. ಆಮೇಲೆ ಡೇಟಾ ಹಂಚಿಕೊಂಡ ಮೆಮೊರಿಯಲ್ಲಿರುವ ವರ್ಟಿಯೋ ಕ್ಯೂ (ವರ್ಚುವಲ್ ಡಿವೈಸ್‌ಗಳಿಗಾಗಿಯೇ ಮಾಡಿದ ಕೆಲಸದ ಸಾಲು) ಮೂಲಕ ಓಡಾಡುತ್ತದೆ, ಕೆಲಸ ಬಂದಿದೆ ಅಂತ ಗೆಸ್ಟ್ ಬೆಲ್ ಒತ್ತಿದರೆ ಕೆವಿಎಂ ಒಂದು ಈವೆಂಟ್‌ಎಫ್‌ಡಿ (ಲಿನಕ್ಸ್‌ನ ಸೂಚನೆ ಕೊಡುವ ಸಾಧನ) ಮೂಲಕ ನೇರವಾಗಿ ಡಿವೈಸ್ ಪ್ರೊಸೆಸ್ಸನ್ನೇ ಎಬ್ಬಿಸುತ್ತದೆ, ಕ್ಯೂಎಮು ನಡುವೆ ಬರುವುದೇ ಇಲ್ಲ. ವೇಗದ ನೆಟ್‌ವರ್ಕ್‌ಗೆ ಡಿಪಿಡಿಕೆ, ವೇಗದ ಸ್ಟೋರೇಜ್‌ಗೆ ಎಸ್‌ಪಿಡಿಕೆ ಎಂಬ ಲೈಬ್ರರಿಗಳನ್ನು ಬಳಸುವವರು ಈ ದಾರಿ ಹಿಡಿದಿರುವುದೇ ವೇಗಕ್ಕಾಗಿ.

ಸುಮ್ನೆ ಓದುವುದಕ್ಕಿಂತ ವರ್ಟಿಯೋಎಫ್‌ಎಸ್‌ಡಿ ಓಡಿಸಿ ನೋಡಿ. ವಿಹೋಸ್ಟ್-ಯೂಸರ್ ಮೂಲಕ ಹೋಸ್ಟ್‌ನ ಒಂದು ಫೋಲ್ಡರನ್ನು ಗೆಸ್ಟ್‌ಗೆ ಕೊಡುವ ಪ್ರೊಸೆಸ್ ಅದು. ಕ್ಯೂಎಮುನಲ್ಲಿ ಮೆಮೊರಿಗೆ 'ಶೇರ್=ಆನ್' (share=on, ಮೆಮೊರಿ ಹಂಚಿಕೊಳ್ಳುವ ಆಯ್ಕೆ) ಕೊಡುವುದನ್ನು ಮರೆಯಬೇಡಿ. ಹೊಸಬರು ಜಾಸ್ತಿ ಎಡವುವುದು ಅಲ್ಲೇ. ಅದು ಓಡಿದ ಮೇಲೆ ವಿಎಫ್‌ಐಒ-ಯೂಸರ್ ಡಿವೈಸ್ ಬರೆಯುವ ಲೈಬ್ರರಿಯಾದ ಲಿಬ್‌ವಿಎಫ್‌ಐಒ-ಯೂಸರ್‌ನ ಸ್ಯಾಂಪಲ್‌ಗಳಲ್ಲಿರುವ ಪುಟ್ಟ ಜಿಪಿಐಒ (ಬರೀ ಆನ್-ಆಫ್ ಪಿನ್‌ಗಳ) ಡಿವೈಸ್‌ನ ಕೋಡ್ ತೆರೆದು ಓದಿ.